ಕಾಕಾನ ಬಂದರಿನ ಬೂಟು

ನಮ್ಮ ಕಾಕಾ ಬೂಟು ಹಾಕಿಕೊಂಡೇ ಮಲಗುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಮಲಗುವಾಗ ಬಿಚ್ಚಿ, ಒರೆಸಿ, ಮಂಚದ ಕೆಳಗೆ ಮೂತಿ ಬಾಗಿಲ ಕಡೆ ಮಾಡಿ ಇಡುತ್ತಿದ್ದ. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಪಾಲಿಶ್ ಡಬ್ಬಿ ಹುಡುಕುತ್ತಿದ್ದ. ಬೀದರಿನ ಬಿಸಿಲಿಗೆ ನಾಯಿಗಳು ಗಟಾರ ಸೇರುವ ಮೇ ತಿಂಗಳಲ್ಲೂ ಅವನ ಕಾಲಲ್ಲಿ ಕಾಲುಚೀಲ, ಕರಿ ಬೂಟು, ಬಿಗಿದ ಲೇಸ್. ಸೆಕೆ ಆಗೋದಿಲ್ಲವೇ ಎಂದು ಕೇಳಿದರೆ “ಆಗ್ತದ. ಆಗಲಿ” ಅನ್ನುತ್ತಿದ್ದ.

ಕಾಕಾ ನನ್ನ ಅಪ್ಪನ ತಮ್ಮ. ನೌಕಾಪಡೆಯಲ್ಲಿ ನಾವಿಕನಾಗಿದ್ದು ನಿವೃತ್ತನಾದ ಮೇಲೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಬ್ಬನೇ ಮನೆ ಮಾಡಿದ್ದ. ಸಮುದ್ರವನ್ನು ಸಾಲಿಯ ನಕಾಶೆಯಲ್ಲಿ ಮಾತ್ರ ನೋಡಿದ ನಮ್ಮ ಜಿಲ್ಲೆಯಲ್ಲಿ ಅವನಿಗೆ ‘ಜಹಾಜ್’ ಎಂದೇ ಹೆಸರು. ಭಾಲ್ಕಿಯ ಒಂದು ಮದುವೆಗೆ ಅದೇ ಬೂಟಿನಲ್ಲಿ ಬಂದಾಗ ಬೀಗರ ಕಡೆಯ ಹಿರಿಯರೊಬ್ಬರು ಎಲ್ಲರೆದುರು ಕೆಣಕಿದರು. “ಏನ್ರಿ ಜಹಾಜ್, ನಮ್ಮ ಭಾಲ್ಕ್ಯಾಗ ಬಂದರ ಎಲ್ಲಿ ಅದರಿ?”

ಕಾಕಾ ಊಟದ ಪಂಕ್ತಿಯಿಂದ ತಲೆ ಕೂಡ ಎತ್ತಲಿಲ್ಲ. “ನಾ ಎಲ್ಲಿ ಇಳೀತೇನೋ ಅದೇ ಬಂದರರಿ.”

ಕಾಲೇಜು ಓದುವಾಗ ನಾನು ಅವನ ಮನೆಯಲ್ಲೇ ಇದ್ದೆ. ಅವನನ್ನು ನೋಡಿಯೇ ನೌಕಾಪಡೆ ಸೇರಿದೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವುದು ಬಿಟ್ಟು ಹಡಗಿಗೆ ಕಳಿಸುತ್ತೀರಾ ಎಂದು ನೆಂಟರು ಮುಗಿಬಿದ್ದಾಗ, “ಹಡಗ ವಾಪಸ್ ಕರಕೊಂಡು ಬರ್ತದರಿ. ಅಳಿಯಂದು ಗ್ಯಾರಂಟಿ ನೀವು ಕೊಡ್ತೀರೇನು?” ಎಂದು ಬಾಯಿ ಮುಚ್ಚಿಸಿದವನು ಅವನೇ.

ನನ್ನ ಹಡಗು ಪರದೇಶದ ಬಂದರುಗಳಿಗೆ ಹೊರಡುವುದು ಖಚಿತವಾದಾಗ ರಜೆಯ ಮೇಲೆ ಔರಾದ್ ಕಡೆಯ ನಮ್ಮ ಹಳ್ಳಿಗೆ ಬಂದೆ. ಸುದ್ದಿ ಕೇಳಿ ಕಾಕಾನೂ ಬಂದ. ಬಂದವನೇ ನನ್ನ ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದ. ಅವ್ವ ತುರುಕಿದ್ದ ಶೇಂಗಾ ಹಿಂಡಿ ಚಟ್ನಿಪುಡಿಯ ಡಬ್ಬಿ ಮೊದಲು ಸಿಕ್ಕಿತು.

“ವೈನಿ, ಇದು ಜಹಾಜಿನಾಗ ತಿನ್ಲಿಕ್ಕಿ ಬರೋಬರ್ ಅದ. ಇದನ್ನ ತಗೊಂಡು ಬಂದರಿಗಿ ಇಳದ್ರ ಕಸ್ಟಮ್ಸ್‌ನವ ಮೂಸಿ ನೋಡಿ ಇಕಿಗಿ ಒಳಗ ಹಾಕ್ತಾನ!” ಎಂದು ಅತ್ತಿಗೆಯನ್ನು ಎಚ್ಚರಿಸಿದ.

ಆಮೇಲೆ ನನ್ನ ಕಡೆ ತಿರುಗಿದ. ಹಡಗಿನ ಲಾಕರ್ ಇಷ್ಟೇ ಇರುತ್ತದೆ, ಅರಿವೆ ಮಡಚಬೇಡ, ಸುರುಳಿ ಸುತ್ತು ಎಂದ. ಹೆಗಲಿಗೆ ಹಾಕುವ ಸಣ್ಣ ಚೀಲ ಒಂದೇ ಸಾಕು. ಐಡಿ ಕಾರ್ಡು ಒಳಜೇಬಿನಲ್ಲಿ, ಅದರ ಝೆರಾಕ್ಸು ಬೇರೆ ಕಡೆ. ಆ ದೇಶದ ಚಿಲ್ಲರೆ ಸ್ವಲ್ಪ. ಹಡಗು ನಿಂತ ಜಾಗದ ಹೆಸರನ್ನು ಅಲ್ಲಿಯವರ ಲಿಪಿಯಲ್ಲೇ ಬರೆಸಿಟ್ಟುಕೋ, ದಾರಿ ತಪ್ಪಿದರೆ ಟ್ಯಾಕ್ಸಿಯವನಿಗೆ ತೋರಿಸಿದರಾಯಿತು. ಬಂದರಿನಲ್ಲಿ ಇಳಿಯಲು ಸಮವಸ್ತ್ರವಲ್ಲದ, ಇಸ್ತ್ರಿ ಮಾಡಿದ ಸಿವಿಲ್ ಡ್ರೆಸ್ ಒಂದು ಜೋಡಿ, ಅದು ನಿನ್ನದೇ ಆಗಿರಬೇಕು, ಗೆಳತಿಯದಲ್ಲ. ಹೇಳುತ್ತಾ ಹೇಳುತ್ತಾ ತನ್ನ ಚೀಲದಿಂದ ಒಂದು ಪೆಟ್ಟಿಗೆ ತೆಗೆದ. ಒಳಗೆ ನನ್ನ ಅಳತೆಯ ಹೊಸ ಬೂಟು.

“ಇದು ಯಾಕ ಬೇಕಂತ ಗೊತ್ತೇನು ಬೇಟಾ? ನನ್ನ ಮೊದಲನೇ ಬಂದರಿನಾಗ ಎಲ್ಲಾರೂ ಸಿವಿಲ್ ಹಾಕ್ಕೊಂಡು ಇಳದ್ರು. ನನ್ನ ಕಡಿ ಸಿವಿಲ್‌ಗೆ ಇದ್ದಿದ್ದು ಹವಾಯಿ ಚಪ್ಪಲ್ ಒಂದೇ. ಬಿಚ್ಚಿ ಕೈಯಾಗ ಹಿಡಿಯೋ ಚೀಜಿಗಿ ರೊಕ್ಕ ಯಾಕ ಹಾಕಬೇಕಂತ ನಮ್ಮಪ್ಪ ಬೂಟು ಕೊಡಿಸೇ ಇರಲಿಲ್ಲ. ದಿನ ಪೂರಾ ಜಹಾಜಿನ ಕಟಕಟಿ ಹಿಡಕೊಂಡು ಊರು ನೋಡಕೋತ ನಿಂತೆ. ಅಲ್ಲಿ ನನಗ ಯಾರೂ ತಡೀಲಿಲ್ಲವ್ವ. ನಾನೇ ತಡಕೊಂಡೆ. ಅದರದೇ ಸಿಟ್ಟು ನನಗ, ಇವತ್ತಿಗೂ.”

ಬಿಚ್ಚಿ ಕೈಯಲ್ಲಿ ಹಿಡಿಯುವ ಮಾತು ನನಗೆ ಗೊತ್ತಿತ್ತು. ಹಳ್ಳಿಯಲ್ಲಿ ನಮ್ಮ ಓಣಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಮನೆಯಿದೆ. ಅಜ್ಜನ ಕಾಲದಲ್ಲಿ ನಮ್ಮ ಜನ ಅದರ ಮುಂದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಕಾಕಾ ಮೊದಲ ರಜೆಗೆ ಬಂದಾಗ ಬೂಟು ಹಾಕಿಕೊಂಡೇ ಹೊರಟನಂತೆ. ಕಟ್ಟೆಯ ಮೇಲೆ ಕುಳಿತಿದ್ದ ಆ ಮನೆಯ ಯಜಮಾನ “ಏ, ಕಾಲಾಗಿಂದು ಕೈಯಾಗ ಬರಬೇಕಲ್ಲೋ?” ಎಂದನಂತೆ.

“ಬರಂಗಿಲ್ರಿ ಮಾಲಕ್ರ, ಲೇಸ್ ಭಾಳ ಗಟ್ಟಿ ಕಟ್ಟೀನಿ” ಎಂದು ಕಾಕಾ ಟಕ್ ಟಕ್ ನಡೆದುಬಿಟ್ಟ. ಅಜ್ಜನಿಗೆ ಆ ಮನೆಯ ಹೊಲದ ಕೂಲಿ ತಪ್ಪಿತು. ಕಾಕಾ ಹಡಗಿನಿಂದ ಸಂಬಳ ಕಳಿಸಿ ಮನೆ ನಡೆಸಿದ, ಬೂಟು ಮಾತ್ರ ಬಿಚ್ಚಲಿಲ್ಲ.

ಈಗ ಆ ಯಜಮಾನನಿಲ್ಲ. ಮಕ್ಕಳೆಲ್ಲ ಪಟ್ಟಣ ಸೇರಿ ಬಾಗಿಲಿಗೆ ಕೀಲಿ ಬಿದ್ದಿದೆ, ಕಟ್ಟೆಯ ಮೇಲೆ ಆಡುಗಳು ಮಲಗುತ್ತವೆ. ಕೇಳುವವರು ಯಾರೂ ಇಲ್ಲ. ಆದರೂ ನನ್ನ ಅಪ್ಪ, ಮಗಳನ್ನು ನೌಕಾಪಡೆಗೆ ಕಳಿಸಿದ ಅಪ್ಪ, ಅಲ್ಲಿಗೆ ಬಂದ ಕೂಡಲೇ ಚಪ್ಪಲಿ ಬಿಚ್ಚುತ್ತಾನೆ!

“ಅಣ್ಣಾ, ಯಾರಿಗಿ ಬಿಚ್ಚತಿ? ಆಡಿಗೇನು?” ಎಂದು ಕಾಕಾ ರೇಗುತ್ತಿದ್ದ.

“ರೂಢಿ ಬಿದ್ದಾದೋ ತಮ್ಮಾ. ಕಾಲು ತಾವೇ ಬಿಚ್ಚತಾವ” ಎಂದು ಅಪ್ಪ ನೆಲ ನೋಡುತ್ತಿದ್ದ.

“ನಿನ್ನ ಕಾಲಿಂದು ನಿನ್ನ ಮಗಳ ಕಾಲಿಗಿ ಬರಬಾರದು, ಅಷ್ಟೇ ನನಗ ಬೇಕಾಗಿದ್ದು.”

ಹೊಸ ಬೂಟನ್ನು ಹಾಗೇ ಬಂದರಿಗೆ ಒಯ್ದರೆ ಹಿಮ್ಮಡಿ ಹರಿಯುತ್ತದೆ, ಇಲ್ಲೇ ಪಳಗಿಸು ಎಂದು ಕಾಕಾ ಹುಕುಂ ಮಾಡಿದ. ಎಲ್ಲಿ ಪಳಗಿಸಬೇಕೆಂಬುದನ್ನೂ ಅವನೇ ಗೊತ್ತು ಮಾಡಿದ್ದ. ರಜೆ ಮುಗಿಯುವ ತನಕ ಪ್ರತಿ ಬೆಳಿಗ್ಗೆ ಆ ಮನೆಯ ಮುಂದೆ ಹೋಗುವುದು, ಬರುವುದು. ಪಕ್ಕದಲ್ಲಿ ಅವನು. “ಹೆಜ್ಜಿ ಸಪ್ಪಳ ಬರಲಿ. ಕಳ್ಳರಂಗ ಯಾಕ ನಡೀತಿ?” ಆಡುಗಳು ಎದ್ದು ಓಡುತ್ತಿದ್ದವು, ಕಾಕಾ ನಗುತ್ತಿದ್ದ.

ಹೊರಡುವ ದಿನ ಅಪ್ಪ ನನ್ನ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬಂದ. ದಾರಿಯಲ್ಲಿ ಆ ಮನೆ ಬಂತು. ಅಪ್ಪ ಬ್ಯಾಗು ಹೊತ್ತಂತೆಯೇ ಬಗ್ಗಿ ಚಪ್ಪಲಿ ತೆಗೆದ. ಕಾಕಾ ಅವತ್ತು ರೇಗಲಿಲ್ಲ, ಟಕ್ ಟಕ್ ಮುಂದೆ ನಡೆದ. ಬೀದರ್ ಸ್ಟೇಶನ್ನಿನವರೆಗೆ ನನ್ನ ಜೊತೆಗೇ ಬಂದವನು ರೈಲು ಅಲುಗುವಾಗ ಕಿಟಕಿಗೆ ಕೈ ಹಾಕಿ ಹೇಳಿದ.

“ಇಳದೇನಿ ಅಂತ ಒಂದು ಫೋನ್ ಮಾಡು ಬೇಟಾ. ಮತ್ತೇನೂ ಬ್ಯಾಡ ನನಗ.”

ಮೊದಲ ಬಂದರು ಸೇರಿದ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಸಿವಿಲ್ ಡ್ರೆಸ್ಸಿನಲ್ಲಿ, ಅದೇ ಬೂಟಿನಲ್ಲಿ ಡೆಕ್ಕಿನ ಮೇಲೆ ನಿಂತಿದ್ದೆ. ಫೋನಿಗೆ ಸಿಗ್ನಲ್ ಬಂದದ್ದೇ ತಡ, ಇಳಿಯುವ ಮೊದಲೇ ಕಾಕಾನ ನಂಬರಿಗೆ ಹಚ್ಚಿದೆ. ಎತ್ತಿದ್ದು ಅಪ್ಪ.

“ತಮ್ಮ ಇಲ್ಲವ್ವ. ಎದಿ ನೋವಂದ, ಹೋಗೇಬಿಟ್ಟ. ನೀ ಸಮುದ್ರದಾಗಿದ್ದಿ, ಹ್ಯಾಂಗ ಹೇಳಬೇಕು? ಊರಿಗಿ ತಂದು ಮಣ್ಣ ಮಾಡಿ ಬಂದೆವು.”

ಕಾಕಾ ಹಿಡಿದು ನಿಂತಿದ್ದಂಥದೇ ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇವತ್ತು ಇಳಿಯುವುದು ಬೇಡ ಎನಿಸಿತು. ಅಪ್ಪನೇ ಮುಂದುವರಿಸಿದ.

“ಹೆಣದ ಮುಂದ ನಾನೇ ನಡದೆ. ಅವನ ಬೂಟು ಹಾಕ್ಕೊಂಡಿದ್ದೆ. ದೊಡ್ಡು ಆದ್ವು, ಮುಂದ ಅರಿವಿ ತುರುಕಿದೆ. ಹೆಣದ ಮುಂದ ಬೂಟು ಯಾಕಂತ ನಾಕು ಮಂದಿ ಬೈದ್ರು. ಬೈಕೋರಿ ಅಂದೆ.”

“ಆ ಮನಿ ಮುಂದ, ಅಪ್ಪಾ?”



“ಬಿಚ್ಚಲಿಲ್ಲವ್ವ. ಲೇಸ್ ಭಾಳ ಗಟ್ಟಿ ಕಟ್ಟಿದ್ದೆ. ನೀ ಇಳದೇನು?”

“ಇನ್ನೂ ಇಲ್ಲಪ್ಪಾ.”

“ಇಳಿ. ಫೋನ್ ಹಿಡಕೊಂಡೇ ಇಳಿ. ಸಪ್ಪಳ ಕೇಳ್ತೇನಿ.”