ಹಂಪ್ ಹೊಡೆದು ಸಂಪ್ ಒಡೆದದ್ದು

ನಮ್ಮ ಬೀದಿಗೆ ಹಂಪ್ ಹಾಕಿಸಿದ್ದು ನಮ್ಮ ಯಜಮಾನರೇ. ಚಂದ್ರಾ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ಹುಡುಗರು ಸ್ಕೂಟರನ್ನು ಬಾಣದ ಹಾಗೆ ಬಿಡುತ್ತಾರೆಂದು ಅರ್ಜಿ ಹಿಡಿದು ಅಲೆದೂ ಅಲೆದೂ ಹಾಕಿಸಿದರು. ಹಾಕಿದವರೂ ಕೈ ಬಿಗಿ ಹಿಡಿಯಲಿಲ್ಲ. ಒಂದು ಸಣ್ಣ ಗುಡ್ಡವನ್ನೇ ತಂದು ನಮ್ಮ ಗೇಟಿನ ಪಕ್ಕ ಮಲಗಿಸಿ ಹೋದರು. ಹುಡುಗರು ಈಗ ಅದರ ಪಕ್ಕದ ಸಂದಿಯಲ್ಲಿ ನುಸುಳಿಕೊಂಡು ಮೊದಲಿಗಿಂತ ಜೋರಾಗಿಯೇ ಹೋಗುತ್ತಾರೆ. ಹಂಪಿಗೆ ಸಿಕ್ಕಿಬಿದ್ದದ್ದು ನಮ್ಮ ಹಳೇ ಕಾರು ಮಾತ್ರ.

ಅವತ್ತು ಗುರುವಾರ. ಇವರು ತರಕಾರಿ ತುಂಬಿಕೊಂಡು ವಾಪಸ್ ಬರುವಾಗ ಹೊರಗೆ ‘ಕರ್ರ್’ ಎಂಬ ಶಬ್ದ ಬಂತು. ಕಾಯಿ ತುರಿಯುತ್ತಿದ್ದ ನನಗೆ ಹಲ್ಲು ಜುಮ್ಮೆಂದಿತು. ಸ್ವಲ್ಪ ಹೊತ್ತಿಗೆ ಇವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ಸಂಪ್ ಒಡೆದುಹೋಯ್ತು ಕಣೇ.”

ಅಂದು ಕಾವೇರಿ ನೀರು ಬರುವ ದಿನ. ಸಂಪ್ ಎಂದರೆ ನಮಗೆ ಅಂಗಳದ ಕೆಳಗಿನ ನೀರಿನ ತೊಟ್ಟಿ, ಅದು ಒಡೆದರೆ ಮನೆಯೇ ಒಡೆದಂತೆ. ನಾನು ತುರಿಯುವ ಮಣೆ ಬಿಟ್ಟು ಓಡಿ, ಇದ್ದಷ್ಟು ನೀರಾದರೂ ಮೇಲಿನ ಟ್ಯಾಂಕಿಗೆ ಹೋಗಲಿ ಎಂದು ಮೋಟರ್ ಹಾಕಿದೆ. ಮಂಡಿನೋವಿನ ನಮ್ಮ ಅತ್ತೆ ಯಾವ ಶಕ್ತಿಯಿಂದಲೋ ಕುರ್ಚಿಯಿಂದ ಎದ್ದೇಬಿಟ್ಟರು. “ಮೊದಲು ಬಕೆಟ್ ತುಂಬಿಸೇ! ಕೊಳದಪ್ಪಲೆ ಎಲ್ಲಿ? ಆ ಕುಕ್ಕರ್ ಯಾಕೆ ಖಾಲಿ ಕೂತಿದೆ?” ಕುಕ್ಕರೂ ತುಂಬಿತು, ಹಾಲಿನ ಪಾತ್ರೆಯೂ ತುಂಬಿತು, ದೇವರ ಮನೆಯ ತಂಬಿಗೆಯೂ ತಪ್ಪಿಸಿಕೊಳ್ಳಲಿಲ್ಲ. “ಅಲ್ಲ, ಆ ಸಂಪ್ ಅಲ್ಲ” ಎಂದು ಇವರು ನಮ್ಮ ಹಿಂದೆ ಸುತ್ತುತ್ತಿದ್ದರು. ನಲ್ಲಿಯ ಸದ್ದಿನಲ್ಲಿ ಗಂಡಸರ ಮಾತು ಎಲ್ಲಿ ಕೇಳುತ್ತದೆ?

ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆತ ಎಲ್ಲ ಕೇಳಿ, “ಸಾರ್, ಅದು ಚೇಂಬರ್ ಹೋಗಿದೆ. ಕಪ್ಪಗೆ ಸೋರ್ತಾ ಇದ್ಯಲ್ವಾ?” ಎಂದ.

ಅತ್ತೆ ಬಕೆಟ್ ಹಿಡಿದೇ ನಿಂತುಬಿಟ್ಟರು. ನಮ್ಮ ಮನೆಯಲ್ಲಿ ಚೇಂಬರ್ ಎಂದರೆ ಬಚ್ಚಲ ನೀರು ಹೋಗುವ ಗುಂಡಿ. “ನಾನು ಬಡ್ಕೊಂಡೆ, ಹಿಂದ್ಗಡೆ ವಾಸನೆ ಬರ್ತಾ ಇದೆ ಅಂತ. ಯಾರು ಕೇಳ್ತಾರೆ? ಸಂಪೂ ಹೋಯ್ತು, ಚೇಂಬರೂ ಹೋಯ್ತು. ಇನ್ನೇನೋ ಉಳೀತು ಈ ಮನೇಲಿ?”

ಇವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಕಾರಿನ ಕೆಳಗೆ ತೋರಿಸಿದರು. ಇಂಜಿನ್ನಿನ ಹೊಟ್ಟೆಯಡಿ ಆಯಿಲ್ ನಿಲ್ಲುವ ತಗಡಿನ ಬೋಗುಣಿ ಒಂದಿದೆ. ಪುಸ್ತಕದವರು ಅದನ್ನು ಸಂಪ್ ಅನ್ನುತ್ತಾರಂತೆ, ಗ್ಯಾರೇಜಿನವರು ಚೇಂಬರ್. ಹಂಪಿಗೆ ತಗುಲಿ ಅದು ಸೀಳಿತ್ತು. ನೆಲದ ಮೇಲೆ ಕಪ್ಪು ಆಯಿಲ್ ಹರಿದು, ಬಾತುಕೋಳಿಯಂಥ ಒಂದು ಆಕಾರ ಮೂಡಿತ್ತು.

ಅತ್ತೆ ನಕ್ಕರು. ನಗುತ್ತಿದ್ದವರು ಹಾಗೇ ನಿಂತರು. “ಹಾಗಾದ್ರೆ ಭಾನುವಾರ?”

ಅವರ ಅಕ್ಕ ಕೆಂಗೇರಿಯಲ್ಲಿದ್ದಾರೆ. ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ದಿನಾ ಸಂಜೆ ಫೋನಿನಲ್ಲಿ ಒಂದೇ ಪ್ರಶ್ನೆ: “ಭಾನುವಾರ ಬರ್ತೀಯ ತಾನೇ?” ಅತ್ತೆಯ ಮಂಡಿಗೆ ಈಗಿನ ಎತ್ತರದ ಕಾರುಗಳು ಆಗಿಬರುವುದಿಲ್ಲ, ಹತ್ತುವುದಕ್ಕೆ ಏಣಿ ಬೇಕು. ಮೆಟ್ರೋ ಎಂದರೆ ಅಷ್ಟು ದೂರ ನಡಿಗೆ. ಒಮ್ಮೆ ಆಟೋದಲ್ಲಿ ಹೋಗಿ ಬಂದು ಎರಡು ದಿನ ಏಳಲಾಗಿರಲಿಲ್ಲ. ಈ ಕಾರಿನ ಸೀಟು ಮಾತ್ರ ಮಣೆಯ ಹಾಗೆ ತಗ್ಗು. ಹಿಮ್ಮುಖವಾಗಿ ಕೂತು ಕಾಲು ಒಳಗೆ ತಂದುಕೊಂಡರೆ ಆಯಿತು.

“ಹಳೇ ಮಾಡಲ್ ಸಾರ್, ಟೋ ಮಾಡಿಸಿ ಬಿಟ್ಟೋಗಿ. ಮುಂದಿನ ವಾರ ನೋಡೋಣ” ಎಂದು ಮೆಕ್ಯಾನಿಕ್ ಫೋನಿಟ್ಟಿದ್ದ. ಇವರು ಅಮ್ಮನ ಮುಖ ನೋಡಿದರು. “ನಾನೇ ಹಾಕ್ತೀನಿ” ಎಂದರು.

ನನಗೆ ಕೆಮ್ಮು ಬಂತು. ಟ್ಯೂಬ್‌ಲೈಟ್ ಬದಲಿಸಲು ಎಲೆಕ್ಟ್ರಿಷಿಯನ್‌ನನ್ನು ಕರೆಸುವ ಮನುಷ್ಯ.

ಶುಕ್ರವಾರವೆಲ್ಲ ಅಲೆದು ಸುಂಕದಕಟ್ಟೆಯ ಒಂದು ಅಂಗಡಿಯಲ್ಲಿ ಹೊಸ ಚೇಂಬರ್ ಹುಡುಕಿ, ಹಾಕುವ ಕ್ರಮವನ್ನೂ ಕೇಳಿಕೊಂಡು, ಹೋಳಿಗೆ ತಂದಷ್ಟು ಜೋಪಾನವಾಗಿ ತಂದರು. ಶನಿವಾರ ಬೆಳಿಗ್ಗೆ ಜಾಕ್ ಏರಿಸಿ, ಕಬ್ಬಿಣದ ಸ್ಟ್ಯಾಂಡುಗಳನ್ನು ಭದ್ರವಾಗಿ ಕೊಟ್ಟು, ಕಾರಿನಡಿ ಯೋಗ ಮ್ಯಾಟ್ ಹಾಸಿಕೊಂಡರು. ಆ ಮ್ಯಾಟ್ ಮನೆಗೆ ಬಂದ ಮೇಲೆ ಅದರ ಮೇಲೆ ಅವರ ಬೆನ್ನು ತಾಗಿದ್ದು ಅದೇ ಮೊದಲು. ಅತ್ತೆ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು.

“ರೀ, ಬಿಚ್ಚಿದ ಬೋಲ್ಟ್ ಎಲ್ಲಿಡ್ತಿದೀರಿ?” ಎಂದೆ.

“ಒಗ್ಗರಣೆ ಡಬ್ಬಿ ಕೊಡು.”

ಸಾಸಿವೆ, ಜೀರಿಗೆಯ ಬಟ್ಟಲುಗಳಲ್ಲಿ ಬೋಲ್ಟ್‌ಗಳು ಕೂತವು. ಆಯಿಲ್ ಸೋರದಂತೆ ಅಂಚಿಗೆ ಹಚ್ಚಿದ್ದ ಹಳೇ ಗ್ಯಾಸ್ಕೆಟ್ ಅಂಟನ್ನು ಕೆರೆಯಬೇಕು, ಆದರೆ ಇಂಜಿನ್ನಿನ ಅಂಚಿಗೆ ಗೀರು ಬೀಳಬಾರದು ಎಂದಾಗ ನನ್ನ ಮರದ ಸಟ್ಟುಗವೂ ಕಾರಿನಡಿ ಹೋಯಿತು. ಹೊರಗೆ ಕಾಣುತ್ತಿದ್ದದ್ದು ಇವರ ಎರಡು ಪಾದ ಮಾತ್ರ. ಕೆಲಸ ಸರಿ ಹೋದಾಗ ಹೆಬ್ಬೆರಳು ಕುಣಿಯುತ್ತಿತ್ತು, ಕೆಟ್ಟಾಗ ಬಿಗಿಯುತ್ತಿತ್ತು. “ಆಯ್ತೇನೋ?” ಎಂದು ಅತ್ತೆ ಕೇಳಿದಾಗಲೆಲ್ಲ ಬಿಗಿಯುತ್ತಿತ್ತು.

ಹೊಸ ಚೇಂಬರಿನ ಅಂಚಿಗೆ ಟ್ಯೂಬಿನಿಂದ ಬೂದು ಬಣ್ಣದ ಗ್ಯಾಸ್ಕೆಟ್ ಪೇಸ್ಟ್ ಹಚ್ಚಬೇಕು, ಒಂದೇ ದಪ್ಪದ ಗೆರೆ, ಎಲ್ಲೂ ಕಡಿಯಬಾರದು. ಕಡಿದ ಜಾಗದಲ್ಲೇ ಆಯಿಲ್ ಸೋರುತ್ತದೆ. ಊಟದ ಮೇಜಿಗೆ ಪೇಪರ್ ಹಾಸಿ ಇವರು ಹಚ್ಚತೊಡಗಿದರು. ಒಂದು ಕಡೆ ಸಂಡಿಗೆ, ಒಂದು ಕಡೆ ಶಾವಿಗೆ. ಒರೆಸಿ ಮತ್ತೆ ಹಚ್ಚಿದರು. ಈ ಸಲ ಬರೀ ಸಂಡಿಗೆ. ಟ್ಯೂಬ್ ಅರ್ಧವಾಗಿತ್ತು. ಬೆಳಗಿನಿಂದ ಮೊದಲ ಸಲ ಅವರು ಅಮ್ಮನ ಕಡೆ ನೋಡದೆ ನನ್ನ ಕಡೆ ನೋಡಿದರು.

ನಾನು ಓದಿದ ಕಾನ್ವೆಂಟಿನಲ್ಲಿ ನಮಗೆ ಶನಿವಾರ ಅಡುಗೆ ಕ್ಲಾಸು ಇರುತ್ತಿತ್ತು. ಕೇಕಿನ ಅಂಚಿಗೆ ಐಸಿಂಗ್ ಬಿಡಿಸುವಾಗ ಒಬ್ಬ ಸಿಸ್ಟರ್ ಹಿಂದೆ ನಿಂತು “ಸ್ಟೆಡಿ, ಚೈಲ್ಡ್, ಸ್ಟೆಡಿ” ಎನ್ನುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಮೊಟ್ಟೆ ಒಳಗೆ ಬರುವಂತಿಲ್ಲ, ಹಾಗಾಗಿ ಆ ವಿದ್ಯೆ ನನ್ನ ಬೆರಳಲ್ಲೇ ಕೂತಿತ್ತು. “ಇಲ್ಲಿ ಕೊಡಿ” ಎಂದು ಟ್ಯೂಬ್ ತೆಗೆದುಕೊಂಡೆ. ಮಣಿಕಟ್ಟು ಎತ್ತದೆ, ಪ್ರತಿ ಬೋಲ್ಟಿನ ತೂತನ್ನೂ ಒಂದೊಂದು ಸುತ್ತು ಬಳಸಿ, ಹೊರಟಲ್ಲಿಗೇ ಬಂದು ಸೇರಿಸಿದೆ.

ಅತ್ತೆ ಬಗ್ಗಿ ನೋಡಿದರು. “ಮಧ್ಯದಲ್ಲಿ ಹ್ಯಾಪಿ ಬರ್ತ್‌ಡೇ ಅಂತಾನೂ ಬರೆದುಬಿಡೇ.”

ಇವರು ಚೇಂಬರ್ ಕೂರಿಸಿ, ಬೋಲ್ಟ್‌ಗಳನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದರು. ಪೇಸ್ಟ್ ಗಟ್ಟಿಯಾಗಲು ರಾತ್ರಿಯೆಲ್ಲ ಬಿಟ್ಟು ಭಾನುವಾರ ಬೆಳಿಗ್ಗೆ ಆಯಿಲ್ ಹಾಕಿದರು. ಕೆಳಗೆ ನಾನು ಒಗೆದ ಬಿಳಿ ಪಂಚೆ ಹಾಸಿದೆ. ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲು ಬಿಟ್ಟು, ಮೂವರೂ ಪಂಚೆ ನೋಡುತ್ತಾ ನಿಂತೆವು. ಅತ್ತೆ ಆಗಲೇ ರೇಷ್ಮೆ ಅಂಚಿನ ಸೀರೆ ಉಟ್ಟು, ಕೊಬ್ಬರಿ ಮಿಠಾಯಿಯ ಡಬ್ಬಿ ಎದೆಗೊತ್ತಿಕೊಂಡಿದ್ದರು. ಒಂದು ಹನಿಯೂ ಬೀಳಲಿಲ್ಲ.

“ಎಷ್ಟು ಹೊತ್ತೋ ನೋಡೋದು? ಅದೇನು ಹಾಲು ಉಕ್ಕುತ್ತಾ?” ಎಂದು ಅತ್ತೆ ಹೋಗಿ ಕೂತೇಬಿಟ್ಟರು.

ಗೇಟು ದಾಟಿ ತಿರುಗಿದರೆ ಎದುರಿಗೇ ಹಂಪ್. ಇವರು ಬ್ರೇಕ್ ಹಾಕಿ, ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಕನ್ನಡಿಯಲ್ಲಿ ನೋಡಿ ಗಂಟಲು ಸರಿಮಾಡಿಕೊಂಡರು. “ನೀನು ಸ್ವಲ್ಪ ಇಳೀತೀಯಾ? ಭಾರ ಕಡಿಮೆ ಆಗತ್ತೆ.”

“ಗ್ಯಾಸ್ಕೆಟ್ ಹಾಕಿದವಳನ್ನೇ ಇಳಿಸ್ತೀರಾ?”

“ಅಮ್ಮನ್ನ ಇಳಿಸಿದ್ರೆ ಮತ್ತೆ ಹತ್ತಿಸೋಕೆ ಮಧ್ಯಾಹ್ನ ಆಗತ್ತೆ.”

ಇಳಿದೆ. ಎದುರು ಮನೆಯವರು ರಂಗೋಲಿ ಬಿಟ್ಟು ನೋಡುತ್ತಿರಲು, ನಾನು ಸೆರಗು ಸಿಕ್ಕಿಸಿ ಬಗ್ಗಿ, “ಬನ್ನಿ, ಬನ್ನಿ, ಇನ್ನೂ ಬನ್ನಿ” ಎಂದು ಕಾರನ್ನು ಹಂಪ್ ದಾಟಿಸಿದೆ. ಮುಂದಿನ ಸೀಟಿನಲ್ಲಿ ಅತ್ತೆ ಉತ್ಸವಮೂರ್ತಿಯ ಹಾಗೆ ಮೇಲೆ ಹೋಗಿ ಕೆಳಗೆ ಬಂದರು. ಏನೂ ತಗುಲಲಿಲ್ಲ.

ಕೆಂಗೇರಿಯಲ್ಲಿ ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದರು. ಅತ್ತೆ ಹೋಗಿ ಪಕ್ಕ ಕೂತರು. ಒಬ್ಬರ ಕೈಯ ಬಳೆ ಇನ್ನೊಬ್ಬರು ಹಿಂದೆ ಮುಂದೆ ಸರಿಸುತ್ತಿದ್ದರು. ಆಮೇಲೆ ಅಕ್ಕ, “ಬರಲ್ವೇನೋ ಅಂದ್ಕೊಂಡೆ ಕಣೇ. ಏನೋ ತೊಂದರೆ ಆಗಿತ್ತಂತಲ್ಲ?” ಎಂದರು.

“ಸಂಪ್ ಒಡೆದುಹೋಗಿತ್ತು ಅಕ್ಕಾ.”

“ಅಯ್ಯೋ! ಮತ್ತೆ ನೀರಿಗೇನೇ ಮಾಡಿದ್ರಿ?”

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಪಾಪ, ನಿನಗೇನೂ ಗೊತ್ತಾಗಲ್ಲ ಬಿಡು” ಎಂದು ಮಿಠಾಯಿ ಡಬ್ಬಿಯ ಮುಚ್ಚಳ ತೆಗೆದರು.