ಅಟ್ಟದ ಮೋಡೆಮ್ ಹೇಳಿದ್ದು

ವಡಾಲದಲ್ಲಿರುವ ನನ್ನ ಅಕ್ಕ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಿವೃತ್ತಳಾದ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಐದು ಮಕ್ಕಳಿಗೆ ಕನ್ನಡ ಓದುಬರಹ ಕಲಿಸುತ್ತಾಳೆ. ಮಕ್ಕಳೆಲ್ಲ ಮುಂಬಯಿಯಲ್ಲೇ ಹುಟ್ಟಿದವರು. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಆ ಮೂರು ದಿನ ಅಕ್ಕ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಡುತ್ತಾಳೆ. ಉಳಿದ ದಿನ ನೈಟಿಯಲ್ಲಿರುತ್ತಾಳೆ.

ಒಂದು ಸೋಮವಾರ ಕ್ಲಾಸ್ ಹೊತ್ತಿನಲ್ಲೇ ಅವಳ ಫೋನ್ ಬಂತು.

"ಒಂದು ತಿಂಗಳಿಂದ ಈ ನೆಟ್ಟಿನ ಕಾಟ, ಸಾಕಾಯ್ತು ಮಾರಾಯ್ತಿ. ಇವತ್ತೂ ಅರ್ಧಕ್ಕೇ ನಿಂತಿತು. ಮಕ್ಕಳು ಆವಾಜ್ ಕಟ್, ಸ್ವರ ಕೇಳೋದಿಲ್ಲ ಅಂತಾರೆ, ನಾನು ಡಬ್ಬಿ ಆಫ್ ಮಾಡಿ ಆನ್ ಮಾಡ್ತೇನೆ, ಅಷ್ಟರಲ್ಲಿ ಎಲ್ಲ ಹೋಗಿರ್ತಾರೆ. ಭಾನುವಾರ ಪೇರೆಂಟ್ಸಿಗೆ ಹೇಳಿಬಿಡ್ತೇನೆ, ಇನ್ನು ಕ್ಲಾಸ್ ಇಲ್ಲ ಅಂತ."

"ಕಂಪನಿಯವರಿಗೆ ಹೇಳಿದ್ಯಾ?"

"ಎಷ್ಟು ಸಲ! ಅವರದ್ದು ಒಂದೇ ಹಾಡು. ನಮ್ಮ ಲೈನ್ ಸರಿ ಉಂಟು, ನಿಮ್ಮ ರೌಟರೇ ಹಾಳು."

ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಕಚೇರಿ ದಾದರಿನಲ್ಲಿ, ಡ್ಯೂಟಿ ಸಂಜೆ ಆರಕ್ಕೆ. ಇಬ್ಬರು ಎರಡು ಮಾತು ಹೇಳಿದಾಗ ಮೂರನೆಯ ಕಡೆಯಿಂದ ಕೇಳದೆ ಬರೆಯಬಾರದು ಎಂಬುದು ಅಲ್ಲಿ ಮೊದಲ ವಾರವೇ ಕಲಿತದ್ದು. ಮಂಗಳವಾರ ಮಧ್ಯಾಹ್ನ ಸಾಂತಾಕ್ರೂಜ್‌ನಿಂದ ಹಾರ್ಬರ್ ಲೋಕಲ್ ರೈಲು ಹಿಡಿದು ಅವಳ ಮನೆಗೆ ಹೋದೆ.

ಅಲ್ಲಿ ಡಬ್ಬಿಗಳು ಎರಡು. ಬಾಗಿಲ ಮೇಲಿನ ಅಟ್ಟದಲ್ಲಿ ಕಂಪನಿ ಕೂರಿಸಿದ ಮೋಡೆಮ್; ಹೊರಗಿನಿಂದ ಬರುವ ಫೈಬರ್ ತಂತಿ ಅದರೊಳಗೆ ಹೋಗುತ್ತದೆ. ಒಳಕೋಣೆಗೆ ವೈಫೈ ಸಿಗುವುದಿಲ್ಲವೆಂದು ಭಾವ ತಂದ ರೌಟರ್ ಟಿವಿಯ ಪಕ್ಕ. ಅಟ್ಟದಿಂದ ಒಂದು ಕೇಬಲ್ ಇಳಿದು ಈ ರೌಟರಿಗೆ ಸೇರುತ್ತದೆ. ಅಕ್ಕ ಆಫ್ ಮಾಡಿ ಆನ್ ಮಾಡುತ್ತಿದ್ದದ್ದು ರೌಟರನ್ನು. ಅಟ್ಟದ ಸ್ವಿಚ್ಚಿಗೆ ಅವಳ ಕೈ ಎಟಕುವುದಿಲ್ಲ.

ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು, ಮೋಡೆಮಿನ ಸೆಟ್ಟಿಂಗ್ಸ್ ಪುಟದಲ್ಲಿ ಫೈಬರಿನ ಬೆಳಕಿನ ಮಟ್ಟ ಎಷ್ಟಿದೆ, ಲೈನ್ ಯಾವಾಗ ಕಡಿದಿದೆ ಎಂದು ನೋಡಿ ಕಳಿಸಿ, ಆಮೇಲೆ ಮಾತಾಡೋಣ ಎಂದು ಹಿಂದಿಯಲ್ಲಿ ಹೇಳಿದಳು. ಪುಟದ ವಿಳಾಸವನ್ನೂ ಕೊಟ್ಟಳು: 192.168.1.1. ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ, ಒಂದು ಪುಟ ತೆರೆಯಿತು. ಬೆಳಕಿನ ಮಟ್ಟ ಎಲ್ಲೂ ಕಾಣಲಿಲ್ಲ. ದಾಖಲೆಯ ಪಟ್ಟಿ ಮಾತ್ರ ಇತ್ತು. ಅದೂ ಹಿಂದಿನ ದಿನ ಸಂಜೆ ನಾಲ್ಕೂವರೆಯಿಂದ ಶುರುವಾಗಿತ್ತು. ಮೋಡೆಮ್ ಆಗಲೇ ಬಂದ್ ಬಿದ್ದಿರಬೇಕು ಎಂದುಕೊಂಡು ಆ ಪುಟದ ಚಿತ್ರ ತೆಗೆದು, ಖಾರವಾದ ನಾಲ್ಕು ಸಾಲು ಬರೆದು ಕಂಪನಿಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ನೀವು ಕಳಿಸಿದ ಪುಟ ನಮ್ಮ ಮೋಡೆಮಿನದ್ದಲ್ಲ, ನಿಮ್ಮದೇ ರೌಟರಿನದ್ದು.

ಒಬ್ಬರ ಹೇಳಿಕೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿದರೆ ಮರುದಿನ ತಿದ್ದುಪಡಿ ಪ್ರಕಟಿಸಬೇಕಾಗುತ್ತದೆ. ನಾನು ಮಾಡಿದ್ದು ಅದನ್ನೇ. ಪಟ್ಟಿ ಹಿಂದಿನ ದಿನದಿಂದ ಶುರುವಾದದ್ದು ಯಾಕೆಂದೂ ಆಗ ಹೊಳೆಯಿತು. ಅಕ್ಕ ರೌಟರನ್ನು ಆಫ್ ಮಾಡಿದಾಗಲೆಲ್ಲ ಅದರ ದಾಖಲೆ ಅಳಿಸಿಹೋಗುತ್ತಿತ್ತು. ಇಡೀ ತಿಂಗಳ ಕತೆ ಗೊತ್ತಿದ್ದರೆ ಅದು ಯಾರೂ ಮುಟ್ಟದ ಅಟ್ಟದ ಮೋಡೆಮಿಗೆ ಮಾತ್ರ.

ಆದರೆ ಅದರ ಪುಟ ತೆರೆಯುವುದು ಹೇಗೆ? ಅದೇ ವಿಳಾಸವನ್ನು ಮೂರು ಸಲ ಟೈಪ್ ಮಾಡಿದೆ, ಮೂರು ಸಲವೂ ರೌಟರೇ ಬಂತು. ಮೋಡೆಮಿಗೆ ನೇರ ಕೇಬಲ್ ಸಿಕ್ಕಿಸೋಣವೆಂದರೆ ಅಕ್ಕನ ಹೊಸ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ತೂತೇ ಇರಲಿಲ್ಲ. ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ವಿಜಾಪುರದ ಕಡೆಯವರು. ಅವರಿಗೆ ಫೋನ್ ಹಚ್ಚಿದೆ.

"ಮೇಡಂ, ಬಿಲ್ಡಿಂಗಿನ ಎ ವಿಂಗಿನ್ಯಾಗೂ ನೂರಾಒಂದು ನಂಬರ ಮನಿ ಇರತದ, ಬಿ ವಿಂಗಿನ್ಯಾಗೂ ನೂರಾಒಂದು ಇರತದ ಹೌದಿಲ್ರಿ? ನೀವು ಎ ವಿಂಗಿನ್ಯಾಗ ನಿಂತು ನೂರಾಒಂದೂ ಅಂತ ಕೂಗಿದ್ರ ಬಿ ವಿಂಗಿನಾವ ಯಾಕ ಬರತಾನ?"

"ಎರಡಕ್ಕೂ ಒಂದೇ ವಿಳಾಸವಾ?"

"ಒಂದ ಅದ. ಹತ್ತರದಾವ ಓ ಅಂತಾನ. ನಿಮ್ಮ ರೌಟರಿನ ನಂಬರ ಬದಲಿ ಮಾಡ್ರಿ. ಕಂಪನೀದನ್ನ ಮುಟ್ಟಬ್ಯಾಡ್ರಿ ಮತ್ತ."

ರೌಟರಿನ ವಿಳಾಸದಲ್ಲಿ ಮೂರನೆಯ ಸಂಖ್ಯೆಯನ್ನು ಒಂದರಿಂದ ಐದಕ್ಕೆ ಬದಲಿಸಿದೆ. ಈಗ ಹಳೆಯ ವಿಳಾಸ ಟೈಪ್ ಮಾಡಿದರೆ ರೌಟರ್ ಬರಲಿಲ್ಲ. ಮೋಡೆಮೂ ಬರಲಿಲ್ಲ. ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ನಿಂತಿತು. ಮತ್ತೆ ಫೋನ್ ಮಾಡಿದೆ.

"ಈಗ ಓ ಅನ್ನೋರೇ ಇಲ್ಲ."

"ಹಂಗಂದ್ರ ಅರ್ಧಾ ಆತು ಬಿಡ್ರಿ," ಎಂದು ಅವರು ನಕ್ಕರು. "ರೌಟರಿಗೆ ಹೊರಗ ಹೋಗಾಕ ಒಂದ ದಾರಿ ಗೊತ್ತು, ಸೀದಾ ಇಂಟರ್ನೆಟ್ಟಿಗೆ. ಮೋಡೆಮ್ ದಾರ್ಯಾಗ ನಿಂತಿರತದ, ಆದ್ರ ಇದು ಅದನ್ನ ಮಾತಾಡಸಂಗಿಲ್ಲ. ಲೋಕಲ್ ಬಾಗಲದಾಗ ನಿಂತಾವನ್ನ ನೀವು ಮಾತಾಡಸ್ತೀರೇನು? ದಾಟಿ ಇಳಿದು ಹೋಗತೀರಿ. ಇಂಟರ್ನೆಟ್ ಸೆಟ್ಟಿಂಗಿನ್ಯಾಗ ಎರಡನೇ ಕನೆಕ್ಷನ್ ಅಂತ ಒಂದು ಖಾನೆ ಅದ ನೋಡ್ರಿ. ಅಲ್ಲಿ ಮೋಡೆಮಿನ ಓಣ್ಯಾಗಿಂದ ಒಂದು ವಿಳಾಸ ರೌಟರಿಗೆ ಕೊಡ್ರಿ. ಅದರದು ಒಂದಕ್ಕ ಮುಗದ್ರ, ಇದಕ್ಕ ಎರಡು."

ಖಾನೆ ಸಿಕ್ಕಿತು. ವಿಳಾಸ ಬರೆದು ಸೇವ್ ಒತ್ತಿದೆ. ಹಳೆಯ ವಿಳಾಸಕ್ಕೆ ಈ ಸಲ ಬಂದ ಪುಟದ ಬಣ್ಣವೇ ಬೇರೆ. ಅದು ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇದ್ದದ್ದು ಮೋಡೆಮಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ. ಸ್ಟೂಲ್ ಹತ್ತಿದೆ. ಅಕ್ಕ ಎರಡೂ ಕೈಯಲ್ಲಿ ಸ್ಟೂಲ್ ಹಿಡಿದುಕೊಂಡಳು.

"ನೋಡಿ ಹತ್ತು. ಬಿದ್ದರೆ ಭಾನುವಾರದವರೆಗೆ ಕಾಯೋದು ಬೇಡ, ಇವತ್ತೇ ಕ್ಲಾಸ್ ಬಂದ್."

ಪುಟ ತೆರೆದಾಗ ನಾನು ಹುಡುಕುತ್ತಿದ್ದ ಕಡಿತ ಅದರಲ್ಲಿ ಇರಲಿಲ್ಲ. ಮೋಡೆಮ್ ನಲವತ್ತೊಂದು ದಿನಗಳಿಂದ ಒಮ್ಮೆಯೂ ನಿಲ್ಲದೆ ನಡೆದಿತ್ತು. ಬೆಳಕು ಕಡಿದ ದಾಖಲೆಯ ಖಾನೆ ಖಾಲಿ. ಈಗಿನ ಮಟ್ಟ ಮೈನಸ್ ಹತ್ತೊಂಬತ್ತು, ಅಂದರೆ ಚೆನ್ನಾಗಿದೆ ಎಂದು ವಿಜಾಪುರದವರು ಹೇಳಿದರು. ಕಂಪನಿಯವರ ಮಾತು ಇಷ್ಟರ ಮಟ್ಟಿಗೆ ನಿಜವಾಗಿತ್ತು. ಆದರೆ ಮೋಡೆಮ್ ಹೇಳಬಲ್ಲದ್ದು ಅಟ್ಟದವರೆಗಿನ ಕತೆ. ಅಲ್ಲಿಂದ ಲ್ಯಾಪ್‌ಟಾಪಿನವರೆಗೆ ಏನಾಗುತ್ತಿದೆ?

ಬುಧವಾರ ಮೂರೂ ಮುಕ್ಕಾಲಿಗೆ ಮತ್ತೆ ಅಲ್ಲಿದ್ದೆ. ಅಕ್ಕ ಹಾಲ್‌ನಲ್ಲಿ ಕ್ಲಾಸಿಗೆ ಕೂತಳು. ಮಕ್ಕಳ ಕಡೆಗೆ ಅವಳ ಸ್ವರ ಹೇಗೆ ತಲುಪುತ್ತದೆಂದು ಕೇಳಲು ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅವಳ ಮೊಬೈಲಿನ ವೈಫೈ ತೆಗೆದು, ಸಿಮ್‌ನ ಡೇಟಾದಲ್ಲಿ ಅದೇ ಕ್ಲಾಸಿಗೆ ಸೇರಿದೆ, ಇಯರ್‌ಫೋನ್ ಹಾಕಿದೆ. ಪುಸ್ತಕ ತೋರಿಸಲು ಅವಳು ಆಗಾಗ ಹೀಗೆ ಎರಡು ಕಡೆಯಿಂದ ಸೇರುವುದಿತ್ತು, ಆದ್ದರಿಂದ ಮಕ್ಕಳಿಗೆ ಅದು ವಿಶೇಷವಾಗಿ ಕಾಣಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮೋಡೆಮಿನ ಪುಟ ತೆರೆದಿತ್ತು.

ನಾಲ್ಕರಿಂದ ಪಾಠ ಓದಿದರು. ಅಕ್ಕನ ಸ್ವರ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ. ನಾಲ್ಕೂ ಇಪ್ಪತ್ತೆರಡಕ್ಕೆ ಅವಳು, "ಸರಿ, ಪುಸ್ತಕ ಮುಚ್ಚಿ. ಉಕ್ತಲೇಖನ," ಎಂದಳು.

"ಟೀಚರ್, ಆಪ್ಕಾ ಆವಾಜ್ ಕಟ್ ಹೋ ರಹಾ ಹೈ," ಎಂದ ಒಬ್ಬ.

"ಹಾಂ ಟೀಚರ್, ಮೇರೆಕೊ ಭೀ."

"ಟೀಚರ್, ನಿಮ್ಮದು ಮುಖ ಫ್ರೀಜ್ ಆಗಿದೆ."

ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಅಕ್ಕ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು. ಮೋಡೆಮಿನ ಅಂಕಿ ಅಲುಗಿರಲಿಲ್ಲ. ಐವರಲ್ಲಿ ನಾಲ್ವರು ಒಬ್ಬರಾದ ಮೇಲೆ ಒಬ್ಬರು ಕಟ್ ಎಂದರು. ಐದನೆಯ ಹುಡುಗಿ ಮಾತ್ರ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದ್ದಳು. ಅಕ್ಕ ಎದ್ದು ಹೋಗಿ ರೌಟರ್ ಆಫ್ ಮಾಡಿದಳು. ಹಾಲ್‌ನ ಕ್ಲಾಸ್ ಆಗ ನಿಂತಿತು. ಮೊಬೈಲಿನಲ್ಲಿ ನನಗೆ ಇನ್ನೂ ಕೇಳುತ್ತಿತ್ತು. "ಚಲೋ, ಗಯಾ," ಹೋಯಿತು, ನಡೀರಿ ಎಂಬಂತೆ ಒಂದು ಸ್ವರ ಹೇಳಿತು. ಒಬ್ಬರ ಹಿಂದೆ ಒಬ್ಬರು ಹೊರಟರು.

ಅಕ್ಕನಿಗೆ ಹೇಳುವ ಮೊದಲು ಚಹಾ ಮಾಡಿದೆ. ಕ್ಲಾಸ್ ನಿಂತ ಹೊತ್ತನ್ನು ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು: ನಾಲ್ಕೂ ಇಪ್ಪತ್ತು, ನಾಲ್ಕೂ ಇಪ್ಪತ್ತೈದು, ನಾಲ್ಕೂ ಇಪ್ಪತ್ತು. ಅವು ಯಾವುದರ ಹೊತ್ತು ಎಂದು ಕೇಳಿದೆ.

"ಉಕ್ತಲೇಖನದ್ದು," ಎಂದವಳು ಅಲ್ಲೇ ನಿಂತಳು.

ಕಂಡದ್ದನ್ನೂ ಕೇಳಿದ್ದನ್ನೂ ಕಂಡ ಕ್ರಮದಲ್ಲೇ ಹೇಳಿದೆ. ಅವಳು ಚಹಾ ಮುಟ್ಟಲಿಲ್ಲ.

"ಬೆಂಚಿನ ಅಡಿಯಲ್ಲಿ ಅಡಗಿದವರನ್ನು ಹಿಡಿದಿದ್ದೇನೆ. ಹೊಟ್ಟೆನೋವು ಅಂದವರನ್ನು ಮುಖ ನೋಡಿಯೇ ಹಿಡಿದಿದ್ದೇನೆ. ಇದನ್ನು ಹಿಡಿಯಲಿಕ್ಕೆ ನೀನು ಅಟ್ಟ ಹತ್ತಬೇಕಾಯ್ತು," ಎಂದಳು. ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿ, "ಅವರಿಗೆ ಬೇಡ ಅಂತಾದರೆ ನನಗೇನು ಹಟ? ಭಾನುವಾರ ಹೇಳಿಬಿಡುವ," ಎಂದಳು.

"ಇಪ್ಪತ್ತು ನಿಮಿಷ ಕೂರ್ತಾರಲ್ಲ ಅಕ್ಕ. ಓದುವಾಗ ಯಾರಿಗೂ ಕಟ್ ಆಗಲಿಲ್ಲ. ಉಕ್ತಲೇಖನದಲ್ಲಿ ಎಂಥದಕ್ಕೆ ಓಡ್ತಾರೆ, ಅದನ್ನು ಕೇಳು."

"ಅದನ್ನು ನಿನ್ನ ಮೋಡೆಮ್ ಹೇಳಲಿಲ್ವಾ?"

ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದ್ದರಿಂದ ಶುಕ್ರವಾರವೂ ಹೋದೆ. ಈ ಸಲ ಅಡುಗೆಮನೆಯಲ್ಲಲ್ಲ, ಅಕ್ಕನ ಪಕ್ಕದಲ್ಲಿ, ಮಕ್ಕಳಿಗೆ ಕಾಣುವಂತೆ ಕೂತೆ.

ನಾಲ್ಕೂ ಇಪ್ಪತ್ತಕ್ಕೆ ಅವಳು ಪುಸ್ತಕ ಮುಚ್ಚಿಸಿದಳು. ಮೊದಲನೆಯವನು ಬಾಯಿ ತೆರೆದ.

"ಟೀಚರ್, ಆವಾಜ್..."

"ನಿಲ್ಲು. ಇವಳು ನನ್ನ ತಂಗಿ. ಪೇಪರಿನವಳು. ನಮ್ಮ ಮೋಡೆಮಿನ ಹತ್ತಿರ ಹೋಗಿ ಎಲ್ಲ ಕೇಳಿಕೊಂಡು ಬಂದಿದ್ದಾಳೆ. ತಿಂಗಳಿಂದ ಒಂದು ದಿನವೂ ಕಟ್ ಆಗಲಿಲ್ಲ ಅಂತ ಅದು ಹೇಳಿತಂತೆ."

ಐದೂ ಮುಖಗಳು ಪರದೆಗೆ ಹತ್ತಿರ ಬಂದವು. ಚಿಕ್ಕವನೊಬ್ಬ ಕೇಳಿದ, "ಟೀಚರ್, ಮೋಡೆಮಿಗೆ ಕನ್ನಡ ಬರ್ತದಾ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನಿನಗಿಂತ ಚೆನ್ನಾಗಿ ಬರ್ತದೆ. ಇವತ್ತು ನಾನು ಹೇಳುವುದಿಲ್ಲ. ನೀವು ಹೇಳಿ, ನಾನು ಬರೀತೇನೆ," ಎಂದು ಬಿಳಿ ಹಲಗೆಯನ್ನು ಕ್ಯಾಮೆರಾದ ಎದುರು ಇಟ್ಟಳು.

ಮಕ್ಕಳಿಗೆ ಅದು ಹಬ್ಬವಾಯಿತು. ಒಬ್ಬಳು ತಾನು ತಿಂದ ವಡಾಪಾವ್ ಬಗ್ಗೆ ಹೇಳಿದಳು. ಇನ್ನೊಬ್ಬ ಕ್ರಿಕೆಟ್ಟಿನಲ್ಲಿ ಔಟಾದದ್ದನ್ನು ಉಸಿರು ಬಿಡದೆ ಹೇಳಿ, "ಲಿಖಾ ಕ್ಯಾ ಟೀಚರ್? ಜಲ್ದಿ, ಜಲ್ದಿ!" ಎಂದು ಚಪ್ಪಾಳೆ ತಟ್ಟಿದ. ಅಕ್ಕ ಬರೆದಳು, ಒರೆಸಿದಳು, ಬರೆದಳು. ನಾಲ್ಕನೆಯ ವಾಕ್ಯದಲ್ಲಿ ಹಿಂದೆ ಬಿದ್ದಳು.

"ಸ್ವಲ್ಪ ನಿಧಾನ ಹೇಳು ಮಾರಾಯ. ಕೈ ನೋಯ್ತದೆ."

"ನಮಗೂ ನೋಯ್ತದೆ ಟೀಚರ್," ಎಂದಳು ಪೆನ್ಸಿಲ್ ಹಿಡಿದಿದ್ದ ಹುಡುಗಿ. ಬುಧವಾರ ಕಟ್ ಎನ್ನದೆ ಕೂತವಳು. "ನೀವು ತುಂಬಾ ಫಾಸ್ಟ್ ಹೇಳ್ತೀರಿ. ಒತ್ತಕ್ಷರ ಬರೆಯೋವರೆಗೆ ನೆಕ್ಸ್ಟ್ ಬರ್ತದೆ."

ಅಕ್ಕ ಮಾರ್ಕರ್ ಕೆಳಗಿಟ್ಟು ಪರದೆಯನ್ನೇ ನೋಡಿದಳು. ಆಮೇಲೆ, "ಹೌದಾ? ಎಲ್ಲರಿಗೂ?" ಎಂದು ಕೇಳಿದಳು. ಐದು ತಲೆಗಳು ಹೌದೆಂದು ಅಲ್ಲಾಡಿದವು. "ಹಾಗಾದರೆ ನೀವು ಬರೆದು ಮುಗಿಸುವವರೆಗೆ ಕಾಯ್ತೇನೆ," ಎಂದಳು.

ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು. ಪೇರೆಂಟ್ಸ್ ಗ್ರೂಪಿಗೆ ಏನು ಬರೆಯಬೇಕೆಂದು ಕೇಳಲು.

"ಲೈನ್ ರಿಪೇರಿ ಆಯ್ತು ಅಂತ ಹಾಕಲಾ?"

"ಲೈನ್ ಹಾಳಾಗಿರಲಿಲ್ಲವಲ್ಲ ಅಕ್ಕ."

"ಹಾಗಾದರೆ ಮಕ್ಕಳ ಕತೆ ಬರೀಬೇಕಾ? ಮನೆಯಲ್ಲಿ ಬೈಗುಳ ಬೀಳ್ತದೆ ಅವಕ್ಕೆ."

ಸುಳ್ಳು ಬರೆ ಎನ್ನಲು ನನಗೆ ಬಾಯಿ ಬರಲಿಲ್ಲ, ಮಕ್ಕಳ ಹೆಸರು ಹೇಳು ಎನ್ನಲೂ ಬರಲಿಲ್ಲ. ಹತ್ತು ನಿಮಿಷದ ಮೇಲೆ ಅವಳು ಬರೆದದ್ದನ್ನು ನೋಡಲೆಂದು ನನಗೆ ಕಳಿಸಿದಳು: "ಕ್ಲಾಸ್ ನಡುವೆ ನಿಲ್ಲುತ್ತಿದ್ದುದರ ಕಾರಣ ಗೊತ್ತಾಗಿದೆ. ನನ್ನ ಕಡೆಯಿಂದ ಸರಿಪಡಿಸಿದ್ದೇನೆ. ಸೋಮವಾರ ನಾಲ್ಕಕ್ಕೆ ಕ್ಲಾಸ್ ಇದೆ."

ಎರಡು ಸಲ ಓದಿದೆ. ತಿದ್ದುವುದೇನೂ ಇರಲಿಲ್ಲ. ಹಾಗೆಯೇ ಹಾಕು ಎಂದೆ.