ಕತ್ತಿಯ ಬುಡದಲ್ಲಿದ್ದ ಹೆಸರು

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ "ನನಗೆ ಒಂದ್ಸಲ ಏನಾಯ್ತು ಗೊತ್ತಾ" ಎಂದು ದನಿ ತಗ್ಗಿಸಿದರೆ ಸಾಕು, ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ದನಿ ತಗ್ಗಿಸುವ ಸರದಿ ನನ್ನದು. ನೀವು ಎದ್ದು ಹೋದರೆ ಬೇಸರವಿಲ್ಲ. ಆದರೆ ಕುಳಿತರೆ ಪೂರ್ತಿ ಕೇಳಿ, ನಾನು ಎಲ್ಲಿ ಎಡವಿದ್ದೇನೆ ಎಂಬುದನ್ನು ತೋರಿಸಿ. ಇಷ್ಟು ವರ್ಷ ಒಬ್ಬನೇ ಹುಡುಕಿ ನನಗೆ ಸಾಕಾಗಿದೆ.

ಜರ್ಮನಿಯವರು ನಮ್ಮಂಥ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಾನು ಬೊಬ್ಲಿಂಗೆನ್‌ನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಫ್ರೌ, ಅಂದರೆ ಶ್ರೀಮತಿ, ಕಿಮ್ಮರ್ಲೆ ಎಂಬ ಎಪ್ಪತ್ತು ದಾಟಿದ ವಿಧವೆಯ ಮನೆಯಲ್ಲಿ ಮಹಡಿಯ ಕೋಣೆ ಹಿಡಿದಿದ್ದೆ. ಆಕೆಗೆ ಚೊಕ್ಕಟದ ಹುಚ್ಚು. ಮೆಟ್ಟಿಲು ಗುಡಿಸುವ ವಾರದ ಸರದಿಗೆ ಆ ಕಡೆ ಕೆಹರ್‌ವೋಖೆ ಎನ್ನುತ್ತಾರೆ. ನನ್ನ ಕೆಹರ್‌ವೋಖೆ ನಾನು ಮರೆತರೆ ಆಕೆ ಬಾಯಿಬಿಟ್ಟು ಬೈಯುತ್ತಿರಲಿಲ್ಲ, ನನ್ನ ಬಾಗಿಲಿಗೆ ಪೊರಕೆ ಒರಗಿಸಿ ಹೋಗುತ್ತಿದ್ದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಆಕೆಯ ಗಂಡ ವಾಲ್ಟರ್ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು. ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಕೊರೆಯುವ ಕೆಲಸ ಮಾಡಿದವರಂತೆ. ನಾನು ಕಂಡದ್ದು ಅವರ ಒಂದೇ ಒಂದು ಫೋಟೋ, ಅದರಲ್ಲೂ ಕೈ ಕಟ್ಟಿಕೊಂಡು ನಿಂತಿದ್ದರು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಲೆಕ್ಕದಲ್ಲಿಟ್ಟುಕೊಳ್ಳಿ.

ಈ ವಾಲ್ಟರ್ ಎಲ್ಲೋ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಜಪಾನಿ ಕತ್ತಿ ಕೊಂಡು ತಂದಿದ್ದರು. ಇದು ನಾನೂರು ವರ್ಷ ಹಳೆಯದು, ದೊಡ್ಡ ಕಮ್ಮಾರನೊಬ್ಬನ ಕೈಯದು ಎಂದು ಅವರ ನಂಬಿಕೆ. ಹೆಂಡತಿ ಅದನ್ನು ತರಕಾರಿ ಚಾಕು ಎಂದು ಕರೆದರು. ಮನೆಗೆ ಯಾರೇ ಬರಲಿ, ಅವರೆದುರು ಅದೇ ತಮಾಷೆ. ಒಂದು ದಿನ ವಾಲ್ಟರ್ ಹಿಡಿ ಬಿಚ್ಚಿ, ಹಿಡಿಯ ಒಳಗೆ ಅಡಗಿರುವ ಕಬ್ಬಿಣದ ಬುಡವನ್ನು ತೋರಿಸಿದರು. ಅಲ್ಲಿ ಉಳಿಯಿಂದ ಕೊರೆದ ಎರಡಕ್ಷರದ ಹೆಸರಿತ್ತು. ಆ ಹೆಸರು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಆ ವಿದ್ಯೆ ಬಲ್ಲವರು ಓದಿದರೆ ಸುಮ್ಮನೆ ಜಗಳಕ್ಕೆ ಬರುತ್ತಾರೆ.

ಮುಂದಿನ ಬೇಸಗೆಯ ಶುರುವಿಗೆ ಮನೆಯೆಲ್ಲ ತೊಳೆಯುವಾಗ ಫ್ರೌ ಕಿಮ್ಮರ್ಲೆ ಆ ಬುಡವನ್ನೂ ಉಕ್ಕಿನ ನಾರು ಹಾಕಿ ಫಳಫಳ ಉಜ್ಜಿಟ್ಟರು. ಗಂಡನಿಗೆ ಖುಷಿಯಾಗಲಿ ಎಂದೇ ಉಜ್ಜಿದೆ ಎಂದು ನನಗೆ ಹೇಳಿದಾಗ ಆಕೆಯ ಕಣ್ಣು ತುಂಬಿತ್ತು. ಜಪಾನಿ ಕತ್ತಿಯಲ್ಲಿ ಮುಟ್ಟಲೇಬಾರದ ಜಾಗ ಅದೊಂದೇ. ವಯಸ್ಸು ಹೇಳುವುದು ಅಲ್ಲಿ ಕಟ್ಟಿದ ತುಕ್ಕು, ಹೆಸರು ನಿಜವೋ ಸುಳ್ಳೋ ಹೇಳುವುದೂ ಆ ತುಕ್ಕೇ. ವಾಲ್ಟರ್ ನೋಡಿ, ಹಿಡಿಯನ್ನು ಮತ್ತೆ ಕೂರಿಸಿಟ್ಟರು. ಸಾಯುವವರೆಗೆ ಮತ್ತೆ ಆ ಕತ್ತಿಯ ಮಾತೆತ್ತಲಿಲ್ಲ.

ನಾನು ಆ ಮನೆಗೆ ಬಂದ ಮೇಲೆ, ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಕತ್ತಿ ಪರೀಕ್ಷೆಗೆಂದು ಆಕೆಯೇ ಕರೆಸಿದ್ದ ಹೆರ್ ಲೋರೆಂಟ್ಸ್ ಎಂಬವರು ಬಂದರು. ನಿವೃತ್ತ ಮೇಷ್ಟ್ರು, ನಲವತ್ತು ವರ್ಷ ಇದನ್ನೇ ಓದಿದವರು. ಫ್ರೌ ಕಿಮ್ಮರ್ಲೆ ನನ್ನನ್ನೂ ಕೆಳಗೆ ಕರೆದರು. "ನೀನೂ ಏಷ್ಯಾದವನೇ ಅಲ್ವಾ, ನಿಂಗೂ ಸ್ವಲ್ಪ ಗೊತ್ತಾಗಬಹುದು" ಎಂದರು. ಜಪಾನಿಗೂ ಮೈಸೂರಿಗೂ ಇರುವ ದೂರ ವಿವರಿಸಲು ನನ್ನ ಜರ್ಮನ್ ಸಾಲದು, ಹೋಗಿ ಕುಳಿತೆ.

ಲೋರೆಂಟ್ಸ್ ಕೆಲಸ ಮಾಡುವ ಬಗೆ ನನಗೆ ಹಿಡಿಸಿತು. ಹಿಡಿಯ ಬಿದಿರು ಮೊಳೆ ತೆಗೆದರು, ಬುಡವನ್ನು ನೋಡದೆಯೇ ಬಟ್ಟೆ ಸುತ್ತಿದರು. ಹೆಸರನ್ನು ಮೊದಲು ಓದಿಬಿಟ್ಟರೆ ಕಣ್ಣು ಕುರುಡಾಗುತ್ತದಂತೆ. ಮೊದಲು ಕತ್ತಿಗೆ ತಲೆಬಾಗಬೇಕು. ಬಾಗು ಎಲ್ಲಿ ಶುರುವಾಗುತ್ತದೆ, ಉಕ್ಕಿನಲ್ಲಿ ಮರದ ಗೆರೆಯಂತೆ ಕಾಣುವ ಪದರ ಹೇಗಿದೆ, ಹದ ಕೊಟ್ಟಾಗ ಅಂಚಿನುದ್ದಕ್ಕೂ ಮೂಡುವ ಬಿಳಿ ಅಲೆ ಎಷ್ಟು ಅಗಲ, ಇವನ್ನೆಲ್ಲ ನೋಡಿ ಕಾಲ, ಊರು, ಗುರುಮನೆ ಊಹಿಸಬೇಕು. ಹೆಸರು ಕಟ್ಟಕಡೆಗೆ. ಅವರು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದರು. "ಕತ್ತಿ ಹಳೆಯದೇ. ಒಳ್ಳೆಯದೂ ಹೌದು" ಎಂದರು. ಫ್ರೌ ಕಿಮ್ಮರ್ಲೆ ಮೇಜಿನ ಅಂಚು ಹಿಡಿದುಕೊಂಡರು.

ಆದರೆ ಹೆಸರು ಸುಳ್ಳು ಎಂದು ಅವರು ಮೊದಲೇ ತೀರ್ಮಾನಿಸಿ ಬಂದಿದ್ದರು. ವಾಲ್ಟರ್ ಹಿಂದೊಮ್ಮೆ ಕಳಿಸಿದ್ದ ಮಸುಕಾದ ಕಪ್ಪುಬಿಳುಪು ಫೋಟೋದಲ್ಲಿ ಉಳಿಯ ಏಟುಗಳು ಉಲ್ಟಾ ಬಿದ್ದಿದ್ದವಂತೆ. ಒಳ್ಳೆಯ ಕತ್ತಿಗೆ ದೊಡ್ಡವರ ಹೆಸರು ಕೊರೆದು ಮಾರುವುದು ಅಲ್ಲಿ ಹಳೆಯ ಚಾಳಿ. ಅಂಥ ಹೆಸರನ್ನು ಅರದಿಂದ ಉಜ್ಜಿ ತೆಗೆದರೆ ಕತ್ತಿ ಹೆಸರಿಲ್ಲದಿದ್ದರೂ ಮರ್ಯಾದೆಯಿಂದ ಉಳಿಯುತ್ತದೆ. ಅದನ್ನು ಮಾಡುವವರು ಅವರಿಗೆ ಗೊತ್ತಿದ್ದರು, ಈವತ್ತೇ ಒಯ್ಯುತ್ತೇನೆ ಎಂದರು. ಕತ್ತಿ ಒಳ್ಳೆಯದೆಂದ ಮೇಲೆ ವಾಲ್ಟರ್ ಅರ್ಧ ಗೆದ್ದರು, ಇನ್ನರ್ಧ ಅರದ ಬಾಯಿಗೆ. ಫ್ರೌ ಕಿಮ್ಮರ್ಲೆ "ಆಗಲಿ" ಅಂದರು.

ಆಗ ಲೋರೆಂಟ್ಸ್, ಸೌಜನ್ಯಕ್ಕೆ, ಮೊದಲು ತಲೆಬಾಗಿ, ನೀವೂ ಒಮ್ಮೆ ನೋಡಿ ಎಂದು ಕತ್ತಿಯನ್ನು ನನ್ನ ಕೈಗೆ ಕೊಟ್ಟರು. ತಪ್ಪಾದದ್ದು ಇಲ್ಲಿ. ನಮ್ಮಪ್ಪ ಲೇತ್ ಮಿಷನ್ನಿನ ಕೆಲಸಗಾರ. ಆಯುಧಪೂಜೆಯ ದಿನ ಮನೆಯ ಸ್ಪ್ಯಾನರುಗಳಿಗೂ ಅರಿಶಿನ ಕುಂಕುಮ ಬೀಳುತ್ತಿತ್ತು. ಕಾಲು ತಗುಲಿದರೆ ಕೀಬೋರ್ಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಾತಿ ನಾವು. ತಲೆಬಾಗಿ ಎಂದು ಅವರು ಹೇಳಿದ್ದೇ ತಡ, ನಾನು ಅಭ್ಯಾಸಬಲದಿಂದ ಬಲಗೈಯ ಎರಡು ಬೆರಳನ್ನು ಹೊಳೆಯುವ ಉಕ್ಕಿನ ಮೇಲಿಟ್ಟು ಕಣ್ಣಿಗೊತ್ತಿಕೊಂಡೆ. ಬರಿಗೈ ಬೆವರು ತಗುಲಿದರೆ ಅಂಥ ಕತ್ತಿಗೆ ತುಕ್ಕು ಹಿಡಿಯುತ್ತದೆ ಎಂದು ನನಗೇನು ಗೊತ್ತು.

ಬೆರಳು ಕಣ್ಣಿಗೆ ತಾಗಿದ್ದು ನೆನಪಿದೆ. ಲೋರೆಂಟ್ಸ್ ಗಾಬರಿಯಿಂದ ಕೈ ಚಾಚಿದ್ದು ನೆನಪಿದೆ. ಆಮೇಲೆ ನೋಡಿದರೆ ಅವರು ಕತ್ತಿ ಒರೆಸುವುದನ್ನು ಬಿಟ್ಟು ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಹುಡುಕುತ್ತಿದ್ದರು. "ಯಾವ ಪ್ರಾಂತದವನು?" ಎಂದು ನನ್ನನ್ನು ಕೇಳಿದರು. ಯಾರು ಎಂದೆ. "ನೀವೀಗ ಹೇಳಿದ ಕಮ್ಮಾರ" ಎಂದರು. ನಾನು ಏನನ್ನೂ ಹೇಳಿರಲಿಲ್ಲ. ಹಾಗೆಂದು ಹೇಳಿದರೆ ಇಬ್ಬರೂ ಮುಖಮುಖ ನೋಡಿಕೊಂಡರು. ಫ್ರೌ ಕಿಮ್ಮರ್ಲೆ ಪೆನ್ಸಿಲ್ ತೆಗೆದುಕೊಂಡು ಪೇಪರಿನ ಅಂಚಿನಲ್ಲಿ ತಾವು ಕೇಳಿದ್ದನ್ನು ಜರ್ಮನ್ ಕಾಗುಣಿತದಲ್ಲಿ ಬರೆದು ತೋರಿಸಿದರು. ನಾನು ನಗುತ್ತ ಹೇಳಿದೆನಂತೆ.

ಎರಡು ಮೂರು ಸಲ ಓದಿದ ಮೇಲೆ ನನಗೆ ಹೊಳೆಯಿತು. ಅದು ಜಪಾನಿ ಹೆಸರಲ್ಲ, ಕನ್ನಡ. ಎಡಚ. ಎಡಗೈಲಿ ತುತ್ತು ಎತ್ತುವ ಮಕ್ಕಳನ್ನು ನಮ್ಮಜ್ಜಿ ಹಾಗೆ ರೇಗಿಸುತ್ತಿದ್ದರು. ನಾನು ಆ ಮಾತನ್ನು ಬಳಸಿ ಎಷ್ಟು ವರ್ಷವಾಗಿತ್ತೋ.

ಅರ್ಥ ಹೇಳಲು ನನಗೆ ನಾಚಿಕೆಯಾಯಿತು, ಆದರೂ ಹೇಳಿದೆ. ಲೋರೆಂಟ್ಸ್ ಪುಸ್ತಕ ಮುಚ್ಚಿದರು. ಬುಡದ ಬಟ್ಟೆ ಬಿಚ್ಚಿ ಭೂತಗನ್ನಡಿ ಹಿಡಿದು ಬಗ್ಗಿದರು. ಆಮೇಲೆ, ಉಲ್ಟಾ ಬಿದ್ದಿವೆ ಎಂದು ತಾವು ತಿಳಿದಿದ್ದ ಏಟುಗಳು ಎಡಗೈಯವನು ಕೊರೆದರೆ ಹೀಗೇ ಬೀಳುತ್ತವೆ ಎಂದರು. ಕಮ್ಮಾರರಲ್ಲಿ ಎಡಗೈಯವರು ಇದ್ದರು. ಹಾಗಾದರೆ ಹೆಸರು ನಿಜವೂ ಆಗಿರಬಹುದು. ಕಮ್ಮಾರ ಬುಡಕ್ಕೆ ಆಡಿಸಿದ ಅರದ ಗೆರೆ, ಗೀರಿನೊಳಗಿನ ತುಕ್ಕು, ಏನಾದರೂ ಉಳಿದಿದ್ದರೆ ಖಚಿತವಾಗಿ ಹೇಳಬಹುದಿತ್ತು ಎಂದು ಸೇರಿಸಿದರು. ಆಕೆಯ ಕಡೆ ನೋಡದೆ ಹೇಳಿದರು ಪಾಪ.

ಫ್ರೌ ಕಿಮ್ಮರ್ಲೆ ಕುರ್ಚಿಯಿಂದ ಏಳಲಿಲ್ಲ. "ವಾಲ್ಟರ್ ಎಡಗೈಯವನು" ಎಂದರು.

ಆ ಮಾತಿನ ಭಾರ ನನಗೆ ತಟ್ಟಲು ಸ್ವಲ್ಪ ಹೊತ್ತು ಬೇಕಾಯಿತು. ಜೀವಮಾನವೆಲ್ಲ ಉಕ್ಕು ಕೊರೆದ ಎಡಗೈ. ಹೆಂಡತಿಯ ತಮಾಷೆ ತಾಳಲಾರದೆ, ಅವಳ ಬಾಯಿ ಮುಚ್ಚಿಸಲು ಅವರೇ ಒಂದು ದಿನ ಕೂತು ಆ ಎರಡಕ್ಷರ ಕೊರೆದಿದ್ದರೆ? ಹಿಡಿ ಬಿಚ್ಚಿ ತೋರಿಸುವ ಮುಂಚೆ ಆ ಬುಡವನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಲೋರೆಂಟ್ಸ್ ಕನ್ನಡಿ ಜೇಬಿಗಿಟ್ಟು, ಇನ್ನು ಇದರಲ್ಲಿ ನಾನು ಏನೂ ಹೇಳಲಾರೆ ಎಂದರು.

ಅರ ಹಾಕಿಸಲು ಒಯ್ಯಲೇ ಎಂದು ಕೊನೆಗೆ ಕೇಳಿದರು. ಆಕೆ ತಲೆಯಾಡಿಸಿದರು. "ಬೇಡ. ಸುಳ್ಳಾದರೆ ವಾಲ್ಟರ್ ಬರೆದದ್ದು, ನಿಜವಾದರೆ ವಾಲ್ಟರ್ ಹೇಳಿದ್ದು. ಎರಡರಲ್ಲಿ ಯಾವುದನ್ನೂ ಇನ್ನೊಂದು ಸಲ ಉಜ್ಜಲಾರೆ" ಎಂದರು.

ಇದನ್ನು ನಾನು ಹೇಳಿಕೊಂಡದ್ದು ಹತ್ತಿರದ ಫೊಯರ್‌ಬಾಕ್‌ನಲ್ಲಿದ್ದ ಗೆಳೆಯ ನವೀನನಿಗೆ ಮಾತ್ರ. ಬೆಂಗಳೂರಿನವನು, ಎಲ್ಲಕ್ಕೂ ಉತ್ತರವಿರುವ ಆಸಾಮಿ. "ಗುರು, ಸಿಂಪಲ್. ಅವ್ರ ಕಿಚನ್ನಲ್ಲಿ ಲೆಫ್ಟ್ ಹ್ಯಾಂಡ್ ಕತ್ರಿ ಗಿತ್ರಿ ನೋಡಿರ್ತೀಯ. ಮೈಂಡಲ್ಲಿ ಕೂತಿರತ್ತೆ. ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಮಗಾ" ಎಂದ. ಮನೆಗೆ ಬಂದು ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಇದ್ದ ಒಂದು ಕತ್ತರಿ ಮಾಮೂಲಿನದೇ. ಗಂಡನ ಸಾಮಾನನ್ನೆಲ್ಲ ಆಕೆ ಎಂದೋ ಕೊಟ್ಟುಬಿಟ್ಟಿದ್ದರು. ಸರಿ, ಬುಡ ಹಿಡಿದಿದ್ದ ಇನ್ನೊಂದು ಕೈಯ ಬೆರಳಿಗೆ ಬಟ್ಟೆಯ ಮೇಲಿಂದಲೇ ಗೀರು ತಿಳಿಯಿತು ಎನ್ನೋಣ. ಗೀರು ತಿಳಿದರೆ ಎಡಗೈ ತಿಳಿಯುವಷ್ಟು ವಿದ್ಯೆ ನನಗೆಲ್ಲಿತ್ತು? ತಿಳಿಯಿತು ಎಂದೇ ಇಟ್ಟುಕೊಂಡರೂ, ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೆ ಯಾಕೆ ಬೀಳಲಿಲ್ಲ? ಇಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ. ಈವತ್ತೂ ಅಷ್ಟೆ.

ಕಾರ್ಡಿನ ಅವಧಿ ಮುಗಿಯುವ ಮೊದಲೇ ನಮ್ಮ ಕಂಪನಿ ಬಾಗಿಲು ಹಾಕಿತು. ನಾನು ಹೊರಡುವ ಬೆಳಿಗ್ಗೆ ಫ್ರೌ ಕಿಮ್ಮರ್ಲೆ ಬಸ್ ನಿಲ್ದಾಣದವರೆಗೆ ಬಂದರು. ಅಷ್ಟು ದಿನ ಕೇಳದಿದ್ದುದನ್ನು ಅಲ್ಲಿ ಕೇಳಿದರು, ಆ ಮಾತು ಇನ್ನೊಂದು ಸಲ ಹೇಳುತ್ತೀಯಾ ಎಂದು.

"ಎಡಚ" ಎಂದೆ.

"ಅಲ್ಲ. ಹಾಗಲ್ಲ. ಆವತ್ತು ನೀನು ಹೇಳಿದಾಗ ವಾಲ್ಟರ್‌ಗೆ ನನ್ನ ಮೇಲಿದ್ದ ಸಿಟ್ಟೆಲ್ಲ ಹೋಗಿತ್ತು ಅದರಲ್ಲಿ."

ನಗುತ್ತ ಹೇಳಿದೆ, ಮೆಲ್ಲಗೆ ಹೇಳಿದೆ, ಅಜ್ಜಿಯಂತೆ ರಾಗ ಎಳೆದು ಹೇಳಿದೆ. ಪ್ರತಿಸಲವೂ ಆಕೆ ಕಿವಿಗೊಟ್ಟು ಕೇಳಿ, ಅಲ್ಲವೆಂದು ತಲೆಯಾಡಿಸಿದರು. ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದೆ. ಒಂದು ಸಲವೂ ಅದು ಬರಲಿಲ್ಲ.